ಕಂಪ್ಯೂಟರಿಗೆ ಭಂಡಾರ ಬಳಿದ ಆದಿವಾರ

ನೌಕರಿಯ ಕಡೆಯ ವರ್ಷಗಳಲ್ಲಿ ನಾನು ಫೋನ್ ಎತ್ತಿದರೆ ಆ ಕಡೆಯಿಂದ ಬರುತ್ತಿದ್ದ ಮಾತು ಹೆಚ್ಚಾಗಿ ಒಂದೇ. "ಅಕ್ಕಾರ, ನಮ್ಮ ಕಂಪ್ಯೂಟರ್ ಮೂಕ ಆಗೈತ್ರೀ." ಮಾತಾಡುವವರು ಕನ್ನಡದವರು ಅಂದಮೇಲೆ ಉಳಿದದ್ದನ್ನು ನಾನೇ ಊಹಿಸಿಬಿಡುತ್ತಿದ್ದೆ. ಆ ಮನೆಯಲ್ಲಿ ಇಂಟರ್ನೆಟ್ ರೇಡಿಯೋ ನಿಂತಿದೆ, ಯಾರೋ ಹಿರಿಯರು ಸಿಟ್ಟಾಗಿದ್ದಾರೆ, ಕಂಪ್ಯೂಟರ್ ಗೊತ್ತಿರುವವರು ಮನೆಯಲ್ಲಿಲ್ಲ.

ನನ್ನ ಹೆಸರು ಶರಣಮ್ಮ. ತೆಲುಗು ರಾಜ್ಯದ ಗಡಿಯೂರಾದ ಮಕ್ತಲಿನ ಫೋನ್ ಆಫೀಸಿನಿಂದ ನಿವೃತ್ತಳಾಗಿ ಕೆಲವು ವರ್ಷಗಳಾದವು. ಈಗ ನಮ್ಮಕ್ಕನ ಮಗಳು ಸುನೀತಾ ಒಂದು ಫೈಬರ್ ಕಂಪನಿಯಲ್ಲಿ ಇದೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದವಳು, "ಚಿಗವ್ವಾ, ನಿಮ್ಮ ಕಾಲದಾಗ ಏನ್ ಕೆಲಸ ಇತ್ತು ಹೇಳು? ವೈರ್ ಜೋಡಿಸೋದು, ಚಾ ಕುಡಿಯೋದು" ಅಂದಳು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಇದನ್ನು ಬರೆಯಲು ಕೂತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಇಲ್ಲ. ಬಡ್ತಿ ತಡವಾಗಿ ಬಂತು, ಬಂದ ದಿನ ಆಫೀಸಿನವರಿಗೆಲ್ಲ ಪೇಡೆ ಕೊಟ್ಟೆ, ಅಲ್ಲಿಗೆ ಅದರ ಕಥೆ ಮುಗಿಯಿತು.

ನಾನು ಸೇರಿದ್ದು ಗದ್ವಾಲಿನಲ್ಲಿ, ಟೆಲಿಫೋನ್ ಆಪರೇಟರ್ ಆಗಿ. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ, ಗದ್ವಾಲಿನ ಸೀರೆ ಸಾಹುಕಾರನನ್ನು ಹೈದರಾಬಾದಿನ ಅಂಗಡಿಗೆ ಜೋಡಿಸುವ ಕೆಲಸ. ಅಲ್ಲಿ ನನ್ನ ಮೇಲಿದ್ದವರು ವೆಂಕಟರಾವ್ ಸಾಹೇಬರು. ಸಿಟ್ಟಿನ ಮನುಷ್ಯ, ಆದರೆ ಕೆಲಸ ಬಲ್ಲವರು. ಲೈನು ಸತ್ತಾಗ ನಾವು ಹೊಸಬರು ಗಾಬರಿಯಾಗಿ ವೈರು ಕಿತ್ತು ಮತ್ತೆ ಚುಚ್ಚುತ್ತಿದ್ದೆವು. ಅವರು ಹಿಂದೆ ಬಂದು ನಿಂತು ಬೈಯುತ್ತಿದ್ದರು: "ಕೈ ಕಟ್ಕೊಂಡು ಕುಂದರಮ್ಮಾ. ಮೊದಲು ಕೇಳು, ಆಮ್ಯಾಲ ಮುಟ್ಟು. ಸುಮ್ಮನಿರೋ ಲೈನಿನಾಗೂ ಏನರ ಒಂದು ಕೇಳಿಸ್ತೈತಿ." ಕಿವಿಗೊಟ್ಟರೆ ನಿಜಕ್ಕೂ ಕೇಳಿಸುತ್ತಿತ್ತು. ಕಡಿದ ಲೈನಿನ ಮೌನ ಬೇರೆ, ನೀರು ಹೊಕ್ಕ ಲೈನಿನ ಗೊರಗೊರ ಬೇರೆ, ಆ ಕಡೆಯವರು ಬೇಕೆಂದೇ ಮಾತಾಡದೆ ಕೂತಾಗಿನ ಮೌನ ಇನ್ನೂ ಬೇರೆ. ಆ ಪಾಠ ನೌಕರಿ ಮುಗಿಯುವತನಕ ನನ್ನ ಹೊಟ್ಟೆ ಹೊರೆಯಿತು.

ಆಮೇಲೆ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಬಂತು, ಬೋರ್ಡು ಗುಜರಿಗೆ ಹೋಯಿತು. ಆಪರೇಟರುಗಳನ್ನು ಗುಜರಿಗೆ ಹಾಕುವಂತಿರಲಿಲ್ಲವಲ್ಲ, ಅಲ್ಲಿ ಇಲ್ಲಿ ಕೂರಿಸಿದರು. ಬ್ರಾಡ್‌ಬ್ಯಾಂಡ್ ಬಂದಾಗ ನನಗೆ ದೂರು ವಿಭಾಗ ಸಿಕ್ಕಿತು, ಮಕ್ತಲಿನಲ್ಲಿ. ಮೊದಮೊದಲು ಫೋನಿನಲ್ಲಿ ಹೇಳಿಕೊಡುವುದಷ್ಟೇ ಕೆಲಸ. ಆದರೆ ನಮ್ಮ ಕಡೆ ಕಂಪ್ಯೂಟರ್ ಇಡುವುದು ಪಡಸಾಲೆಯಲ್ಲಲ್ಲ. ಬೆಲೆಯ ವಸ್ತು ಎಂದು ಒಳಕೋಣೆಯಲ್ಲಿ, ತಿಜೋರಿ ಪಕ್ಕದಲ್ಲಿ, ಕೆಲವರು ದೇವರ ಜಗಲಿಯ ಮಗ್ಗುಲಲ್ಲಿ ಇಡುತ್ತಾರೆ. ಅಲ್ಲಿಗೆ ಪರ ಗಂಡಸನ್ನು ಬಿಟ್ಟುಕೊಳ್ಳಲು ಮನೆಯ ಹೆಂಗಸರಿಗೆ ಮುಜುಗರ. ಹೀಗಾಗಿ ಮನೆ ಮನೆ ತಿರುಗುವ ಕೆಲಸ ನನ್ನ ಪಾಲಿಗೆ ಬಂತು. ಹೆಗಲಿಗೊಂದು ಚೀಲ, ಅದರಲ್ಲಿ ಒಂದು ಮೋಡೆಮ್, ನಾಲ್ಕು ಬಗೆಯ ವೈರು, ಒಂದು ಟಾರ್ಚು, ಊಟದ ಡಬ್ಬಿ. ಬಸ್ಸಿನಲ್ಲಿ ನನ್ನನ್ನು ಇನ್ಶೂರೆನ್ಸ್ ಏಜೆಂಟ್ ಎಂದು ತಿಳಿದು ಎದ್ದು ಬೇರೆ ಸೀಟಿಗೆ ಹೋದವರೂ ಇದ್ದಾರೆ.

ರೇಡಿಯೋ ಯಾಕೆ ಅಂತ ಸುನೀತಾಳಿಗೆ ಅರ್ಥವಾಗಲಿಲ್ಲ. ನಮ್ಮದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಕಾಗದ ಪತ್ರದಲ್ಲಿ ಇನ್ನೂ ಅರ್ಧ ಉರ್ದು ಇರುವ ಸೀಮೆ. ಟಿವಿ ತೆಲುಗಿನಲ್ಲಿ ಮಾತಾಡುತ್ತದೆ. ಗಡಿಯಾಚೆಯ ಕನ್ನಡ ರೇಡಿಯೋ ಹಳೆಯ ಸೆಟ್ಟಿನಲ್ಲಿ ಗೊರಗುಟ್ಟುತ್ತ ಬರುತ್ತಿತ್ತು, ಹಾಡು ರಂಗೇರುವ ಹೊತ್ತಿಗೆ ಕರಗಿ ಹೋಗುತ್ತಿತ್ತು. ಅದೇ ಸ್ಟೇಷನ್ನು ಇಂಟರ್ನೆಟ್ಟಿನಲ್ಲಿ ಬರತೊಡಗಿದಾಗ, ಮಗ್ಗುಲ ಮನೆಯಲ್ಲಿ ಹಾಡಿದಷ್ಟು ಸ್ವಚ್ಛವಾಗಿ ಕೇಳಿತು. ಕಂಪ್ಯೂಟರ್ ತಂದದ್ದು ಮಕ್ಕಳ ಓದಿಗೆ, ಅದರ ಮುಂದೆ ಕೂತದ್ದು ಅತ್ತೆ ಮಾವ.

ನಾರಾಯಣಪೇಟೆಯ ಒಂದು ಮನೆಯನ್ನು ಹೇಳದೆ ಮುಂದೆ ಹೋಗಲಾರೆ. ಸೀರೆ ವ್ಯಾಪಾರಸ್ಥರು, ದೊಡ್ಡ ಕುಟುಂಬ. ಮನೆಯ ಹಿರಿಯಳು ಗೌರಮ್ಮನವರು ಬೆಳಿಗ್ಗೆ ವಚನ ಕೇಳುತ್ತ ಸೊಪ್ಪು ಸೋಸುವವರು. ಅವರ ದೂರು ವಿಚಿತ್ರವಾಗಿತ್ತು. "ನಮ್ಮ ಸಣ್ಣ ಸೊಸಿ ತವರಿಂದ ಫೋನ್ ಬಂದ್ರ ಸಾಕ್ರೀ ಅಕ್ಕಾರ, ರೇಡಿಯೋ ಗಪ್ ಅಂತೈತಿ. ಆ ಬೀಗತಿ ಬಾಯೇ ಅಂಥಾದ್ದು. ಆಕಿ ಅಲ್ಲಿ ಬಾಯಿ ತಗದ್ರ ಇಲ್ಲಿ ವಚನ ನಿಂದರ್ತಾವು." ಸಣ್ಣ ಸೊಸೆ ಬಾಗಿಲ ಮರೆಯಲ್ಲಿ ನಿಂತು ಸೆರಗು ತಿರುಚುತ್ತಿದ್ದಳು, ಕಣ್ಣು ತುಂಬಿದ್ದವು. ನಾನು ಮೋಡೆಮ್ಮಿನ ಮುಂದೆ ಕೂತು, ನನ್ನ ಮೊಬೈಲಿನಿಂದ ಆ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಹಚ್ಚಿದೆ. ಅಡುಗೆಮನೆಯ ಫೋನಿನ ಗಂಟೆ ಹೊಡೆಯಿತು, ವಚನ ನಿಂತಿತು. "ನೋಡ್ರೀ, ನಂದೂ ಅಂಥಾ ಬಾಯೇ" ಅಂದೆ. ಗೌರಮ್ಮನವರು ಸೊಪ್ಪು ಕೆಳಗಿಟ್ಟರು.

ಆಗಿದ್ದೇನೆಂದರೆ, ಮಾತು ಮತ್ತು ಇಂಟರ್ನೆಟ್ಟು ಎರಡೂ ಬರುವುದು ಒಂದೇ ತಂತಿಯಲ್ಲಿ. ಅವೆರಡನ್ನು ಬೇರೆ ಮಾಡಲು ಪ್ರತಿ ಫೋನಿಗೂ ಬೆಂಕಿಪೆಟ್ಟಿಗೆಯಷ್ಟು ಒಂದು ಡಬ್ಬಿ ಹಾಕಬೇಕು, ಸ್ಪ್ಲಿಟರ್ ಅನ್ನುತ್ತಾರೆ. ಯಾರೋ ಅಡುಗೆಮನೆಗೆ ಇನ್ನೊಂದು ಫೋನ್ ಎಳೆದುಕೊಂಡಿದ್ದರು, ಅದಕ್ಕೆ ಡಬ್ಬಿ ಇರಲಿಲ್ಲ. ಉಳಿದವರೆಲ್ಲ ಮಾತಾಡುವುದು ಮೊಬೈಲಿನಲ್ಲಿ. ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಿದ್ದದ್ದು ಆ ಬೀಗತಿ ಒಬ್ಬಳೇ. ಡಬ್ಬಿ ಹಾಕಿ ಮತ್ತೆ ಫೋನ್ ಹಚ್ಚಿ ತೋರಿಸಿದೆ, ವಚನ ನಿಲ್ಲಲಿಲ್ಲ. ಗೌರಮ್ಮನವರು ಮತ್ತೆ ಸೊಪ್ಪು ಕೈಗೆತ್ತಿಕೊಂಡು, "ಆದ್ರೂ ಆಕಿ ಬಾಯಿ ಅಷ್ಟೇನ್ ಚಲೋ ಇಲ್ಲ ಬಿಡ್ರಿ" ಅಂದರು. ಸೊಸೆ ಮಾತ್ರ ನನಗೆ ಚಹಾದ ಜೊತೆ ಗಟ್ಟಿ ಮೊಸರನ್ನವನ್ನೂ ತಂದಿಟ್ಟಳು. ಸುನೀತಾ, ತಂತಿಯ ದೋಷ ಎಷ್ಟೋ ಸಲ ಮನುಷ್ಯರ ತಲೆಯ ಮೇಲೆ ಕೂತಿರುತ್ತದೆ. ಅದನ್ನು ಇಳಿಸುವುದೂ ನಿನ್ನ ಕೆಲಸವೇ.

ಗದ್ವಾಲಿನಲ್ಲಿ ನನ್ನ ಮಾನ ಹೋದ ಪ್ರಸಂಗವನ್ನೂ ಬರೆಯಬೇಕು. ನಿವೃತ್ತ ಹೆಡ್‌ಮಾಸ್ತರರೊಬ್ಬರು, ಕೋಟೆಯ ಹತ್ತಿರ ಮನೆ. ಬೇರೆಲ್ಲ ಸರಿ, ರೇಡಿಯೋದ ಪುಟ ಮಾತ್ರ ತೆರೆಯದು, ಏನೋ ಅಪಾಯದ ಸೂಚನೆ ತೋರಿಸುತ್ತದೆ. ಮಾಸ್ತರರು ಆ ಸ್ಟೇಷನ್ನೇ ಮುಚ್ಚಿಹೋಗಿದೆ ಎಂದು ತೀರ್ಮಾನಿಸಿ ದುಃಖಪಡುತ್ತಿದ್ದರು. ನಾನು ಮೋಡೆಮ್ ಬದಲಿಸಿದೆ, ವೈರು ಬದಲಿಸಿದೆ, ಬ್ರೌಸರ್ ತೆಗೆದು ಮತ್ತೆ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕಡೆಗೆ ನೀರು ತಂದುಕೊಟ್ಟ ಮಾಸ್ತರರ ಹೆಂಡತಿ ಪರದೆಯ ಮೂಲೆ ನೋಡಿ, "ಇವತ್ತು ಸ್ವಾಮಾರ ಅಲ್ಲೇನ್ರೀ? ಅದರಾಗ ಸುಕ್ರಾರ ಅಂತ ಯಾಕೈತಿ?" ಅಂದರು. ನೋಡಿದರೆ ವಾರ ಒಂದೇ ಅಲ್ಲ, ವರ್ಷವೂ ತಪ್ಪು. ಒಳಗಿನ ಗುಂಡಿಯಂಥ ಸೆಲ್ಲು ಸತ್ತು, ಕಂಪ್ಯೂಟರ್ ತನ್ನ ಹುಟ್ಟಿದ ಕಾಲಕ್ಕೆ ಹೋಗಿ ಕೂತಿತ್ತು. ಅದು ಹಳೆಯ ಕಾಲದಲ್ಲಿದ್ದರೆ ಇವತ್ತಿನ ಪುಟವನ್ನು ಹೇಗೆ ನಂಬೀತು? ಸೆಲ್ಲು ಬದಲಿಸಿ ತಾರೀಖು ತಿದ್ದಿದ ಮರುಗಳಿಗೆ ಹಾಡು ಬಂತು. ಮಾಸ್ತರರು ಹೆಂಡತಿಯ ಕಡೆ ನೋಡಿದ ನೋಟ ಈಗಲೂ ನೆನಪಿದೆ, ಮೊದಲ ಸಲ ನೋಡಿದಂತಿತ್ತು. ಅಂದಿನಿಂದ ಯಾವ ಮನೆಗೆ ಹೋದರೂ ನಾನು ಮೊದಲು ಗಡಿಯಾರ ನೋಡುತ್ತೇನೆ.

ಕಾಲ ಬದಲಾದ ಹಾಗೆ ರೀತಿಯೂ ಬದಲಾಯಿತು. ಮೊದಲು ಒಂದೊಂದು ಸ್ಟೇಷನ್ನಿಗೆ ಒಂದೊಂದು ಪ್ಲೇಯರ್ ಬೇಕಿತ್ತು, ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ಕಾರ್ಯಕ್ರಮ ಮುಗಿಯುತ್ತಿತ್ತು. ಆಮೇಲೆ ಪುಟ ತೆರೆದರೆ ಸಾಕು ಎನ್ನುವ ಕಾಲ ಬಂತು. ಬಫರಿಂಗ್ ಮಾತ್ರ ಎಲ್ಲ ಕಾಲಕ್ಕೂ ಇತ್ತು. ಬರುವ ಹಾಡನ್ನು ಕಂಪ್ಯೂಟರ್ ಸ್ವಲ್ಪ ಕೂಡಿಟ್ಟುಕೊಂಡು ಹಾಡುತ್ತದೆ, ಕೂಡಿಟ್ಟದ್ದು ತೀರಿದರೆ ನಿಂತು ಕಾಯುತ್ತದೆ. ಜನರಿಗೆ ಆ ಕಾಯುವಿಕೆ ಸಹಿಸದು. ನಿಂತ ಕೂಡಲೇ ನಾಲ್ಕು ಸಲ ಒತ್ತುತ್ತಾರೆ, ಅದು ಪಾಪ ಮತ್ತೆ ಮೊದಲಿನಿಂದ ಕೂಡಿಡಬೇಕಾಗುತ್ತದೆ. ನಾನು ಫೋನಿನಲ್ಲಿ ವೆಂಕಟರಾವ್ ಸಾಹೇಬರ ಮಾತನ್ನೇ ಹೇಳುತ್ತಿದ್ದೆ, ಕೈ ಕಟ್ಟಿಕೊಂಡು ಕೂಡ್ರಿ.

ನನ್ನ ಕಡೆಯ ಮೇಲಧಿಕಾರಿ ಹೊಸ ಕಾಲದ ಹುಡುಗ, ದೊಡ್ಡ ಊರಿನಿಂದ ಬಂದವರು. ಕೆಟ್ಟವರಲ್ಲ. ಆದರೆ ದೂರು ಬೇಗ ಮುಚ್ಚಬೇಕು ಎನ್ನುವುದೇ ಅವರ ಮಂತ್ರ. "ಮೇಡಂ, ಮೋಡೆಮ್ಮಿನ ತನಕ ನಮ್ಮದು. ಅದರಾಚೆ ಗಿರಾಕಿಯದು. ಲೈನ್ ಚೆನ್ನಾಗಿದ್ದರೆ ದೂರು ಮುಚ್ಚಿ. ಸೌಂಡ್ ಬರದಿದ್ದರೆ ಅವರು ಕಂಪ್ಯೂಟರ್ ಅಂಗಡಿಗೆ ಹೋಗಲಿ" ಎನ್ನುತ್ತಿದ್ದರು. ಕಾನೂನು ಅವರ ಕಡೆಗೇ ಇತ್ತು. ನಾನು ತಲೆಯಾಡಿಸುತ್ತಿದ್ದೆ, ಆಮೇಲೆ ನನ್ನ ಪಾಡಿಗೆ ಸ್ಪೀಕರ್ ಬಿಚ್ಚುತ್ತಿದ್ದೆ. ಕೊತ್ತಪಲ್ಲಿಯ ಮಲ್ಲೇಶನ ಫೋನ್ ಬಂದದ್ದು ಇವರ ಕಾಲದಲ್ಲಿ.

ಮಲ್ಲೇಶ ಕುರುಬರ ಹುಡುಗ. ಡಿಗ್ರಿ ಓದಿ, ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಊರವರ ಅರ್ಜಿಗಳನ್ನು ತುಂಬಿಕೊಡುತ್ತಿದ್ದ. ಅವನ ತಂದೆ ಮಾಳಪ್ಪ ಆ ಸೀಮೆಗೆಲ್ಲ ಹೆಸರಾದ ಹಾಡುಗಾರ. ಡೊಳ್ಳು ಹೆಗಲಿಗೇರಿಸಿ ಕುರುಬರ ದೇವರು ಬೀರಪ್ಪನ ಪದ ಹಾಡಿದರೆ ಪಕ್ಕದ ಮದ್ದೂರಿನ ಸಂತೆ ನಿಂತು ಕೇಳುತ್ತಿತ್ತಂತೆ. ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಮಾಡಿಸಿದ ಮೇಲೆ ಅವರ ದನಿ ಹೋಯಿತು, ಉಳಿದದ್ದು ಪಿಸುಮಾತು, ಅದೂ ನಾಲ್ಕು ಮಾತಿಗೇ ದಣಿಯುವಂಥದ್ದು. ಅವರ ಮನೆತನಕ್ಕೇ ಸೇರಿದ ಒಂದು ಪದ ಇತ್ತು. ಬೀರಪ್ಪ ಕುರಿಮರಿ ಹೊತ್ತು ಹೊಳೆ ದಾಟುವ ಪದ. ಅದನ್ನು ಬರೆದಿಡಬಾರದು, ಬಾಯಿಂದ ಬಾಯಿಗೇ ಹೋಗಬೇಕು ಎನ್ನುವುದು ಅವರ ಕಟ್ಟಳೆ. ಮಲ್ಲೇಶ ನಾಳೆ ಕಲಿತೇನು, ನಾಡಿದ್ದು ಕಲಿತೇನು ಎನ್ನುತ್ತಿದ್ದ, ಅಷ್ಟರಲ್ಲಿ ಕಲಿಸುವ ಬಾಯಿಯೇ ಕಟ್ಟಿತು.

"ಅಕ್ಕಾರ, ಅಪ್ಪ ಭಾಳ ವರ್ಷದ ಹಿಂದ ಆ ಪದ ರೇಡಿಯೋದಾಗ ಹಾಡಿದ್ದ್ರೀ. ಅವರು ಈ ಆದಿವಾರ ಮುಂಜಾನಿ ಹನ್ನೊಂದಕ್ಕ ಮತ್ತ ಹಾಕ್ತಾರಂತ. ಒಂದ್ ಸಲನೇ. ಲೈನ್ ಕಡೀದಂಗ ನೋಡ್ಕೊಳ್ರಿ" ಅಂದ. ಅವರ ಮನೆಯಲ್ಲಿ ಆಗ ಮೊಬೈಲಿಗೆ ಸಿಗ್ನಲ್ಲೇ ಸರಿಯಾಗಿ ಸಿಗುತ್ತಿರಲಿಲ್ಲ, ಅಂಗಳದ ಒಂದು ಮೂಲೆಯಲ್ಲಿ ನಿಂತರೆ ಮಾತಷ್ಟೇ ಆಗುತ್ತಿತ್ತು. ಇದ್ದದ್ದು ಕಂಪ್ಯೂಟರ್ ಒಂದೇ ದಾರಿ. ನಾನು ನಮ್ಮ ಹೊಸ ಮೇಲಧಿಕಾರಿಯನ್ನು ಕೇಳಿದೆ. ಆದಿವಾರ ರಜೆ ಅಂದರು. ನನ್ನ ಸ್ವಂತ ನಂಬರನ್ನು ಮಲ್ಲೇಶನಿಗೆ ಕೊಟ್ಟೆ.

ಆದಿವಾರ ಬೆಳಿಗ್ಗೆ ನಾನಿನ್ನೂ ರೊಟ್ಟಿ ಬಡಿಯುತ್ತಿದ್ದೆ, ಫೋನ್ ಬಂತು. "ಅಕ್ಕಾರ, ನಿನ್ನೆ ಸಂಜಿಗಿ ಚಲೋ ಇತ್ತು. ಈಗ ಎಲ್ಲಾ ಓಡಾಕತ್ತೈತಿ, ದನಿ ಮಾತ್ರ ಇಲ್ರೀ!" ಹುಡುಗ ಅಳುವುದೊಂದು ಬಾಕಿ. ಫೋನಿನಲ್ಲಿ ಹೇಳಿಕೊಟ್ಟದ್ದು ಯಾವುದೂ ಫಲಿಸಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು, ಯಜಮಾನರಿಗೆ ತಿರುವಿ ಹಾಕಲು ಹೇಳಿ ಹೊರಟೆ. ನಾರಾಯಣಪೇಟೆಯವರೆಗೆ ಬಸ್ಸು, ಅಲ್ಲಿಂದ ಮುಂದೆ ಮಲ್ಲೇಶನ ಗೆಳೆಯನ ಬೈಕು. ದಾರಿಯುದ್ದಕ್ಕೂ ನನಗೆ ಒಂದೇ ಭಯ, ಇದು ಸ್ಪೀಕರಿನ ಸಾವಾಗಿದ್ದರೆ ಆದಿವಾರ ಯಾವ ಅಂಗಡಿ ತೆರೆದಿರುತ್ತದೆ?

ಹೋಗಿ ನೋಡಿದರೆ ಅಂಗಳದ ತುಂಬ ಕುರುಬರ ಹಟ್ಟಿಯ ಜನ. ಒಳಗೆ ಕಂಬಳಿ ಹಾಸಿದ್ದರು. ಮಾಳಪ್ಪ ಗೋಡೆಗೆ ಒರಗಿ ಕೂತಿದ್ದರು, ಕೊರಳಿಗೆ ಬಿಳಿ ಪಂಚೆ ಸುತ್ತಿಕೊಂಡು. ಅವರ ಹೆಂಡತಿ ಮಾಯಮ್ಮ ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. "ಯವ್ವಾ, ಇವತ್ತು ಇವರ ದನಿ ಕೇಳಿಸಬೇಕ್ ನೋಡು. ಇವರು ಪದ ಹಾಡ್ತಿದ್ರು, ನಾ ಹಿಂದ ಸೊಲ್ಲು ಹಿಡೀತಿದ್ದೆ. ಪದ ನಂಗ ಬರಾಂಗಿಲ್ಲ, ಅದು ಡೊಳ್ಳು ಹೊತ್ತ ಗಂಡಸರದು. ಇವತ್ತು ಕೇಳಿ ಹುಡುಗ ಕಲೀಲಿಲ್ಲಂದ್ರ ಮುಗೀತು, ನಮ್ಮ ಮನಿ ಪದ ಇವರ ಕೂಡನ ಹೋಗ್ತೈತಿ." ಮಲ್ಲೇಶ ಸ್ಪೀಕರಿನ ಪಕ್ಕದಲ್ಲಿ ತನ್ನ ಮೊಬೈಲನ್ನು ರೆಕಾರ್ಡಿಗೆ ಸಿದ್ಧಮಾಡಿ ಇಟ್ಟಿದ್ದ. ರೆಕಾರ್ಡ್ ಆಗಲು ಮೊದಲು ದನಿ ಬರಬೇಕಲ್ಲ.

ಮೊದಲು ಗಡಿಯಾರ ನೋಡಿದೆ, ಸರಿಯಾಗಿತ್ತು. ರೇಡಿಯೋದ ಪುಟ ತೆರೆದಿತ್ತು, ಓಡುತ್ತಿತ್ತು. ಸ್ಪೀಕರಿನ ವೈರನ್ನು ಕಿತ್ತು ನನ್ನ ಮೊಬೈಲಿಗೆ ಚುಚ್ಚಿ ಒಂದು ಹಾಡು ಹಾಕಿದೆ, ಸ್ಪೀಕರ್ ಜೋರಾಗಿ ಹಾಡಿತು. ಅಂಗಳದವರು ದನಿ ಬಂತೆಂದು ಎದ್ದುನಿಂತರು, ಪಾಪ, ಮತ್ತೆ ಕೂತರು. ಹಾಗಾದರೆ ದೋಷ ಕಂಪ್ಯೂಟರಿನೊಳಗೆ. ಪರದೆಯ ಮೇಲೆ ದನಿ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದೆ. ಹೆಡ್‌ಫೋನಿಗೆ ಅಂತ ಇತ್ತು.

"ಮಲ್ಲೇಶಾ, ಹೆಡ್‌ಫೋನ್ ಎಲ್ಲೈತಿ?"

"ನಮ್ಮನ್ಯಾಗ ಹೆಡ್‌ಫೋನೇ ಇಲ್ರೀ."

ಇಲ್ಲದ ಹೆಡ್‌ಫೋನಿಗೆ ಅದು ಹಾಡುತ್ತಿತ್ತು. ನಾನು ನೆಲಕ್ಕೆ ಕೂತು, ಟಾರ್ಚು ಹಾಕಿ ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬಿ ನೋಡಿದೆ. ಒಂದು ಗಳಿಗೆ ನನಗೆ ನಗಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ಡಬ್ಬಿಯ ಮುಂಭಾಗವೆಲ್ಲ ಹಳದಿ! ಆದಿವಾರ ಮೈಲಾರನ ವಾರ. ಗಂಡನ ದನಿ ಹೊರಡುವ ಪೆಟ್ಟಿಗೆ ಎಂದು ಮಾಯಮ್ಮ ಬೆಳಿಗ್ಗೆ ಎದ್ದು ಅದಕ್ಕೆ ಪೂಜೆ ಮಾಡಿದ್ದರು. ದೇವರ ಮುಖಕ್ಕೆ ಬಳಿಯುವ ಹಾಗೆ, ಮೈಲಾರನ ಅರಿಸಿನದ ಪುಡಿಯಾದ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಅಂಗೈಯಿಂದ ಬಳಿದಿದ್ದರು. ಅದು ಹೆಡ್‌ಫೋನ್ ಚುಚ್ಚುವ ತೂತಿನಲ್ಲಿ ಮೆತ್ತಿಕೊಂಡಿತ್ತು. ಆ ತೂತಿನೊಳಗೆ ಒಂದು ಸಣ್ಣ ಸ್ಪ್ರಿಂಗ್ ಇರುತ್ತದೆ. ಏನಾದರೂ ಅದನ್ನು ಒತ್ತಿ ಹಿಡಿದರೆ ಹೆಡ್‌ಫೋನ್ ಬಂದಿದೆ ಎಂದು ತಿಳಿದು ಕಂಪ್ಯೂಟರ್ ಸ್ಪೀಕರನ್ನು ಬಂದ್ ಮಾಡುತ್ತದೆ.

ನಾನು ಚೀಲದಿಂದ ಬ್ರಶ್ ತೆಗೆದೆ. ಮಾಯಮ್ಮ ಅಡ್ಡ ಬಂದರು. "ಬ್ಯಾಡ ಯವ್ವಾ, ಅದು ಕಸಬರಿಗಿಯಂಗ, ಮುಟ್ಟಿಸಬ್ಯಾಡ. ಭಂಡಾರ ಅದು, ನೆಲಕ್ಕ ಬೀಳಬಾರದು." ಊದಿ ತೆಗೆಯುವಂತೆಯೂ ಇಲ್ಲ, ಎಂಜಲಾಗುತ್ತದೆ. ನನ್ನ ಈ ಎಲ್ಲ ವರ್ಷಗಳ ನೌಕರಿಯಲ್ಲಿ, ಈ ನಿಯಮವನ್ನು ಯಾರೂ ಕಲಿಸಿರಲಿಲ್ಲ. ಕಂಪ್ಯೂಟರ್ ಬಂದ್ ಮಾಡಿಸಿ, ದೀಪದ ಹತ್ತಿಬತ್ತಿ ಕೇಳಿದೆ. ಊದಿನಕಡ್ಡಿಯ ಹಿಂಬದಿಗೆ ಅದನ್ನು ಸುತ್ತಿ, ತೂತಿನೊಳಗೆ ತಿರುವಿ ತಿರುವಿ ತೆಗೆದೆ. ಪ್ರತಿ ಸಲ ಬಂದ ಹಳದಿಯನ್ನು ಮಾಯಮ್ಮ ಅಂಗೈಯೊಡ್ಡಿ ಹಿಡಿದು ಮಗನ ಹಣೆಗೆ, ಗಂಡನ ಹಣೆಗೆ, ಬಂದ ನೆಂಟರ ಹಣೆಗೆ ಹಚ್ಚಿದರು. ಕಡೆಯದು ನನ್ನ ಹಣೆಗೆ ಬಂತು. ನಾನು ಲಿಂಗಾಯತರ ಮನೆಯವಳು, ವಿಭೂತಿಯ ಹಣೆ. ಆ ದಿನ ಎರಡೂ ಇದ್ದವು.

ಕಂಪ್ಯೂಟರ್ ಮತ್ತೆ ಶುರುಮಾಡಿದರೆ, ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಅಂತು. ಇಂಥ ಹೊತ್ತಿಗೇ ಅದಕ್ಕೆ ಇಂಥ ಬುದ್ಧಿ ಬರುವುದು. ಆ ಸುತ್ತುವ ಚಕ್ರದ ಮುಂದೆ ಎಲ್ಲರೂ ಕೂತರು. ಮಾಯಮ್ಮ "ಏಳುಕೋಟಿ" ಎಂದು ಮೈಲಾರನ ಮೊರೆ ಹೊಕ್ಕರು. ನಾನು ಆ ಹೊತ್ತಿನಲ್ಲಿ ಸ್ಪ್ಲಿಟರ್ ಹಾಕಿದ್ದ ಲ್ಯಾಂಡ್‌ಲೈನಿನಿಂದ, ಆ ಊರಿನ ಲೈನು ಹೊರಡುವ ಮದ್ದೂರಿನ ಎಕ್ಸ್‌ಚೇಂಜಿಗೆ ಫೋನ್ ಹಚ್ಚಿ, ಡ್ಯೂಟಿಯಲ್ಲಿದ್ದ ಶ್ರೀನಿವಾಸನನ್ನು ಹಿಡಿದೆ. ತೆಲುಗಿನವನು, ನನ್ನ ಸಹೋದ್ಯೋಗಿ, ನಮ್ಮೊಡನೆ ಇದ್ದು ಕನ್ನಡವನ್ನೂ ಕಲಿತವನು. "ಸೀನಾ, ಫೋನ್ ಇಡಬ್ಯಾಡ. ಈ ಲೈನಿನ ಇಂಟರ್ನೆಟ್ ಕಡಿದ್ರ ತಕ್ಷಣ ಎಬ್ಬಿಸು" ಅಂದೆ. "ಸರೇ ಮೇಡಂ, ಉಂಟಾನು" ಅಂದ. ಇರುತ್ತೇನೆ ಅಂತ. ರಿಸೀವರನ್ನು ಮೇಜಿನ ಮೇಲೆ ಹಾಗೆಯೇ ಇಟ್ಟೆ.

ಪುಟ ತೆರೆಯುವ ಹೊತ್ತಿಗೆ ಕಾರ್ಯಕ್ರಮ ಶುರುವಾಗಿತ್ತು. ಮೊದಲು ಡೊಳ್ಳು ಬಂತು, ಅದರ ಮೇಲೆ ಒಂದು ಗಂಡುದನಿ. ಗಟ್ಟಿಯಾದ, ಸ್ವಲ್ಪ ಒರಟಾದ ದನಿ. ಮಾಳಪ್ಪ ಕಣ್ಣು ಮುಚ್ಚಿದರು, ಬೆರಳುಗಳು ತೊಡೆಯ ಮೇಲೆ ತಾಳ ಹಾಕತೊಡಗಿದವು.

"ಹೊಳಿಯ ನೀರ ಕೆಂಪಾಗಿ ಬಂತೋ, ಮರಿಯ ಹೊತ್ತಾನ ಬೀರಣ್ಣ" ಎಂದು ಸ್ಪೀಕರ್ ಹಾಡಿತು. ಬೀರಣ್ಣನ ತಂಗಿ ದಡದಲ್ಲಿ ನಿಂತು ಕೊಡುವ ಉತ್ತರದ ಸೊಲ್ಲನ್ನು ಮಾಯಮ್ಮ ತಮಗರಿಯದೆ ಎತ್ತಿಕೊಂಡರು: "ನಿಲ್ಲೋ ಅಣ್ಣಾ, ದಡದಾಗ ನಾ ಅದೀನಿ." ಆ ಕಡೆಯಿಂದ ಒಂದು ಸಾಲು, ಈ ಕಡೆಯಿಂದ ಒಂದು ಸೊಲ್ಲು. ಮಲ್ಲೇಶ ಬಾಯಿ ಅಲ್ಲಾಡಿಸುತ್ತ ಸಾಲುಗಳನ್ನು ಹಿಡಿಯಲು ಹೆಣಗುತ್ತಿದ್ದ.

ಬೀರಪ್ಪ ನಡುನೀರಿಗೆ ಬಂದಾಗ ಹಾಡು ನಿಂತಿತು.

ಮೋಡೆಮ್ಮಿನ ದೀಪ ಮಿಣುಕುತ್ತಿತ್ತು. ಇಂಟರ್ನೆಟ್ ಕಡಿದಿತ್ತು. ಮಲ್ಲೇಶ "ಅಯ್ಯೋ" ಎಂದು ಎದ್ದ. ರಿಸೀವರಿನಲ್ಲಿ ಶ್ರೀನಿವಾಸ, "ಇಲ್ಲಿ ನಿಮ್ಮ ಲೈನಿನ ಪೋರ್ಟ್ ಹೋತು ಮೇಡಂ, ಎಬ್ಬಿಸಾಕತ್ತೀನಿ" ಅನ್ನುವುದು ಸಣ್ಣಗೆ ಕೇಳಿಸಿತು. ನನ್ನ ಕೈ ಮೋಡೆಮ್ಮಿನ ಕಡೆ ಹೋಗಿತ್ತು, ಅದನ್ನು ಹಿಂದಕ್ಕೆ ತೆಗೆದುಕೊಂಡೆ. ಯಾಕೆಂದರೆ ಕೋಣೆಯಲ್ಲಿ ಹಾಡು ನಿಂತಿರಲಿಲ್ಲ. ಸೊಲ್ಲು ಮುಗಿಸಿದ ಮಾಯಮ್ಮ ಮುಂದಿನ ಸಾಲಿಗಾಗಿ ಕಾಯದೆ, ಅದೇ ಓಟದಲ್ಲಿ ಆ ಸಾಲನ್ನೂ ಹಾಡಿದ್ದರು. ಹಾಡಿ, ತಾವೇ ಬೆಚ್ಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡಸರ ಪದವನ್ನು ಹಟ್ಟಿಯ ಹಿರಿಯರ ಮುಂದೆ ಹಾಡಿಬಿಟ್ಟಿದ್ದರು. ಅಂಗಳದಲ್ಲಿ ಯಾರೋ ಮುದುಕರು ಕೆಮ್ಮಿದರು. ಮಾಳಪ್ಪ ಕಣ್ಣು ತೆರೆದಿರಲಿಲ್ಲ. ಆದರೆ ಅವರ ತಾಳ ನಿಂತಿರಲಿಲ್ಲ. ಮುಂದಿನ ಸಾಲು ಎಲ್ಲಿ ಬರಬೇಕೋ ಅಲ್ಲಿ ಬೆರಳು ತೊಡೆಗೆ ಜೋರಾಗಿ ಬಿತ್ತು. ಮಾಯಮ್ಮ ಸೆರಗು ಬಿಟ್ಟರು, ಹಾಡಿದರು. ಜೀವಮಾನವೆಲ್ಲ ಹಿಂದೆ ನಿಂತು ಸೊಲ್ಲು ಹಿಡಿದವರ ಹೊಟ್ಟೆಯಲ್ಲಿ ಇಡೀ ಪದ ಕೂತಿತ್ತು, ಅದು ಅವರಿಗೇ ತಿಳಿದಿರಲಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದರು ಎನ್ನುತ್ತಾರಲ್ಲ, ಆ ಮನೆಯವರು ರೇಡಿಯೋದವರೆಗೂ ಅಲೆದಿದ್ದರು.

ನಾನು ಕೈ ಕಟ್ಟಿಕೊಂಡು ಕೂತೆ. ಅಳು ಬಂತು, ತಡೆಯಲಿಲ್ಲ.

ಅಷ್ಟರಲ್ಲಿ ಶ್ರೀನಿವಾಸ ಲೈನ್ ಎಬ್ಬಿಸಿದ. ರೇಡಿಯೋ ಯಾರಿಗೂ ಕಾಯುವುದಿಲ್ಲ. ಸ್ಪೀಕರಿನ ಮಾಳಪ್ಪ ಆಗಲೇ ಹೊಳೆ ದಾಟಿ ಆಚೆ ದಡದಲ್ಲಿ ಹಾಡುತ್ತಿದ್ದರು, ಮಾಯಮ್ಮ ಇನ್ನೂ ನಡುನೀರಿನಲ್ಲಿದ್ದರು. ಎರಡು ದನಿಗಳು ಒಂದರ ಮೇಲೊಂದು ಬಿದ್ದು ಏನೂ ತಿಳಿಯದಾಯಿತು. ಮಾಯಮ್ಮ ನಿಲ್ಲಿಸಲು ಹೊರಟರು. ಆಗ ಮಾಳಪ್ಪ ಕಣ್ಣು ತೆರೆದು ನನ್ನ ಕಡೆ ನೋಡಿದರು. ಸ್ಪೀಕರಿನ ಕಡೆ ಬೆರಳು ಮಾಡಿ, ಅಂಗೈಯನ್ನು ಕೆಳಕ್ಕೆ ಒತ್ತಿದರು. ತಗ್ಗಿಸು ಅಂತ.

"ಅಪ್ಪಾ, ಅದು ನಿನ್ನ ದನಿ ಐತಿ! ಮತ್ತ ಬರಾಂಗಿಲ್ಲ" ಎಂದ ಮಲ್ಲೇಶ.

ಮಾಳಪ್ಪ ಪಿಸುಗುಟ್ಟಿದರು, ಎಲ್ಲರಿಗೂ ಕೇಳಿಸಿತು. "ಇರಲಿ. ಆಕೀದ ನಡೀಲಿ."

ನನ್ನ ನೌಕರಿಯುದ್ದಕ್ಕೂ ನಾನು ದನಿ ತರಿಸಲು ಓಡಾಡಿದವಳು. ಆ ಆದಿವಾರ, ರಜೆಯ ದಿನ, ಊರಿಂದೂರಿಗೆ ಹೋಗಿ ತರಿಸಿದ ದನಿಯನ್ನು ಗಿರಾಕಿಯ ಮಾತಿನಂತೆ ನಾನೇ ಬಂದ್ ಮಾಡಿದೆ. ಮಾಯಮ್ಮ ಬೀರಪ್ಪನನ್ನು ಹೊಳೆ ದಾಟಿಸಿದರು, ಮರಿಯನ್ನು ತಾಯಿಯ ಹತ್ತಿರ ಬಿಟ್ಟರು. ಈ ಸಲ ಸೊಲ್ಲು ಹಿಡಿದವನು ಮಲ್ಲೇಶ. ಮೇಜಿನ ಮೇಲಿದ್ದ ಮೊಬೈಲ್ ಎಲ್ಲವನ್ನೂ ಹಿಡಿದುಕೊಂಡಿತು, ಅರ್ಧ ತಂದೆಯ ದನಿ, ಅರ್ಧ ತಾಯಿಯ ದನಿ. ಅವನು ಪದ ಕಲಿತದ್ದು ಅದರಿಂದಲೇ, ಈಗ ಡೊಳ್ಳು ಹೊರುವವನೂ ಅವನೇ.

ಪದ ಮುಗಿಯಿತು. ರಿಸೀವರಿನೊಳಗಿಂದ ಶ್ರೀನಿವಾಸ ಕೂಗುತ್ತಿದ್ದ. ಅವನನ್ನು ನಾನು ಮರೆತೇಬಿಟ್ಟಿದ್ದೆ. ಎತ್ತಿ ಕಿವಿಗೆ ಹಿಡಿದೆ.

"ಎಂಥಾ ಕ್ಲಿಯರ್ ಬರಾಕತ್ತೈತಿ ಮೇಡಂ! ಪಕ್ಕದಾಗ ಕೂತು ಹಾಡಿದಂಗ. ಯಾವ ಸ್ಟೇಷನ್ ಇದು?"

"ಕೊತ್ತಪಲ್ಲಿ" ಅಂದೆ.